ಎಂಜಿನ್ ತೂಗಿದ ತೊಟ್ಟಿಲು

ಆ ಕೂಸು ಅರಳೆಯ ರಾಶಿಯೊಳಗೆ ಸಿಕ್ಕಾಗ ಅಳಲಿಲ್ಲ. ನಾನು ಹೆದರಿದ್ದು ಅದಕ್ಕೇ.

ಎರಡನೆಯ ಮಹಾಯುದ್ಧ ಶುರುವಾಗುವ ಎರಡು ಮೂರು ವರ್ಷ ಮೊದಲಿನ ಮಾತಿದು. ಬಂಕಾಪುರದಿಂದ ಸವಣೂರಿನ ಕಡೆಗೆ ಹೋಗುವ ದಾರಿಯ ಬದಿಗೆ ಒಂದು ಜಿನ್ನಿಂಗ್ ಫ್ಯಾಕ್ಟರಿ ಇತ್ತು. ರೈತರು ಚಕ್ಕಡಿ ತುಂಬಿ ತಂದ ಅರಳೆಯಲ್ಲಿ ಕಾಳು ಬೇರೆ, ಹತ್ತಿ ಬೇರೆ ಮಾಡುವ ಕಾರಖಾನೆ. ಸುತ್ತಿನ ಹಳ್ಳಿಗಳ ಬಾಯಲ್ಲಿ ಅದು ಬರೀ ‘ಜಿನ್ನು’. ನಾನು ಅಲ್ಲಿ ಎಂಜಿನ್ ಮಿಸ್ತ್ರಿ. ಹಾನಗಲ್ಲಿನ ಕಡೆಯವನು, ಸ್ವಲ್ಪ ಸಿಡುಕ. ಎಂಜಿನ್ನಿನ ದನಿ ಒಂದಿಷ್ಟು ಹೆಚ್ಚುಕಡಿಮೆಯಾದರೂ ಉಣ್ಣುತ್ತಿದ್ದ ತುತ್ತು ಬಿಟ್ಟು ಏಳುವವನು. ಮನುಷ್ಯರ ದನಿಗೆ ಅಷ್ಟು ಕಿವಿ ಕೊಟ್ಟವನಲ್ಲ.

ಉದ್ದನೆಯ ಕಟ್ಟಡ. ಅದರಲ್ಲಿ ಎರಡು ಸಾಲು ಯಂತ್ರಗಳು, ಒಂದೊಂದರ ಮುಂದೆ ಒಬ್ಬೊಬ್ಬ ಹೆಂಗಸು, ಅವರ ಕೆಲಸ ನೋಡಿಕೊಳ್ಳಲು ಒಬ್ಬ ಮುಕಾದಮ. ಅವರು ಹಿಡಿ ಹಿಡಿಯಾಗಿ ಅರಳೆ ಉಣಿಸಬೇಕು, ಯಂತ್ರದ ತೊಗಲಿನ ಉರುಳೆ ಎಳೆಯನ್ನು ಎಳೆದುಕೊಳ್ಳಬೇಕು, ಕಾಳು ಕೆಳಗೆ ಉದುರಬೇಕು. ಎಲ್ಲ ಯಂತ್ರಗಳನ್ನೂ ತಿರುಗಿಸುವ ಕಬ್ಬಿಣದ ಉದ್ದ ದಂಡ, ನಾವು ಶಾಫ್ಟು ಅನ್ನುವುದು, ನೆಲದ ಕೆಳಗಿನ ಕಾಲುವೆಯಲ್ಲಿ ತಿರುಗುತ್ತಿತ್ತು. ಮಧ್ಯಾಹ್ನ ಎರಡರ ಸುಮಾರಿಗೆ ಮಾಡಿನ ಕಿಂಡಿಗಳಿಂದ ಬಿಸಿಲು ಓರೆಯಾಗಿ ಇಳಿಯುತ್ತಿತ್ತು. ಆ ಬಿಸಿಲಿನಲ್ಲಿ ಹತ್ತಿಯ ನವಿರು ಕೆಳಗೂ ಬೀಳದೆ ಮೇಲೂ ಏಳದೆ ನಿಂತುಬಿಡುತ್ತಿತ್ತು. ಎಂಜಿನ್ನಿನ ಡುಗ್, ಡುಗ್, ಡುಗ್. ಹೆಂಗಸರ ಕೈಗಳು ತಾವಾಗಿಯೇ ಹೋಗಿ ಬರುತ್ತಿದ್ದವು. ಹುಬ್ಬು, ರೆಪ್ಪೆ, ಸೆರಗು ಎಲ್ಲ ಬೆಳ್ಳಗೆ. ಎಚ್ಚರವೋ ನಿದ್ದೆಯೋ ತಿಳಿಯದ ಹೊತ್ತು ಅದು. ಕಣ್ಣು ತೆರೆದಿದ್ದಾಗಲೇ ನನಗೆ ಎಷ್ಟೋ ಸಲ ಕನಸು ಬಿದ್ದಿದೆ.

ಅಂಥದೊಂದು ಹೊತ್ತಿನಲ್ಲಿ ಯಂತ್ರ ತಿರುಗಿಸುವ ತೊಗಲಿನ ಪಟ್ಟಾ ಹರಿದದ್ದನ್ನು ಹೊಲಿಯಲು ಒಳಗೆ ಹೋಗಿದ್ದೆ. ಬುಟ್ಟಿ ಹೊರುವಾಕೆ ಮೂಲೆಯ ರಾಶಿಗೆ ಎರಡೂ ಕೈ ಹಾಕಿ ತಬ್ಬಿ ಎತ್ತಿದಳು. ಎತ್ತಿದವಳೇ ಕಿಟಾರನೆ ಕಿರುಚಿದಳು. ಅವಳ ತೋಳಿನ ಅರಳೆಯೊಳಗಿಂದ ಒಂದು ಪುಟ್ಟ ಕಾಲು ಜೋತುಬಿದ್ದಿತ್ತು.

ನಾನು ಓಡಿಹೋಗಿ ಕೂಸನ್ನು ಇಸಿದುಕೊಂಡೆ. ಐದಾರು ತಿಂಗಳ ಹೆಣ್ಣುಕೂಸು. ತುಟಿಗೆ, ಮೂಗಿಗೆ ಹತ್ತಿ ಮೆತ್ತಿತ್ತು. ಒರೆಸಿದೆ. ಮುಖಕ್ಕೆ ಊದಿದೆ. ಅಂಗಾಲು ಚಿವುಟಿದೆ. ಉಸಿರೇನೋ ಇತ್ತು, ಆದರೆ ಬಹಳ ಹೊತ್ತಿಗೊಮ್ಮೆ. ಅಷ್ಟು ಗದ್ದಲದಲ್ಲಿ, ಅಷ್ಟು ಕಿರುಚಾಟದಲ್ಲಿ ಅದರ ರೆಪ್ಪೆ ಸಹ ಅಲುಗಲಿಲ್ಲ.

"ಏಯ್, ಯಾರದ ಈ ಕೂಸು?" ಎಂದು ಒದರಿದೆ.

ಏಳನೆಯ ಯಂತ್ರದ ಹೆಂಗಸು ಎದ್ದು ಬಂದಳು. ಇನ್ನೂ ಇಪ್ಪತ್ತು ದಾಟದ ವಯಸ್ಸು. ದುಂಡಸಿಯಿಂದ ಸುಗ್ಗಿಗೆಂದು ಬಂದು ಬಂಕಾಪುರದ ಕೋಟೆಯ ಹತ್ತಿರ ತನ್ನ ಸೋದರತ್ತೆಯ ಮನೆಯಲ್ಲಿ ಇದ್ದವಳು. ಎಲ್ಲರೂ ಅವಳನ್ನು ದುಂಡಸಿಯಾಕಿ ಅನ್ನುತ್ತಿದ್ದರು. ಬಸುರಿ ಇದ್ದಾಗಲೇ ಗಂಡ ತೀರಿಕೊಂಡಿದ್ದ.

"ನಂದ್ರಿ ಅಣ್ಣಾರ. ಮಲಗ್ಯಾಳ್ರಿ, ಕೊಡ್ರಿ ಇಲ್ಲೆ."

"ಇದು ಮಲಗೂದೇನವ್ವಾ? ಚಿವುಟಿದ್ರೂ ಏಳವಲ್ದು!"

"ಸಂಜಿಗೆ ಏಳತಾಳ್ರಿ. ಗುಳಿಗಿ ಕೊಟ್ಟೇನಿ."

ಗುಳಿಗೆ ಅಂದರೆ ಅಫೀಮು. ಸಾಸಿವೆ ಕಾಳಿನಷ್ಟನ್ನು ಬೆಳಗ್ಗೆ ಉಗುರಿನ ತುದಿಯಲ್ಲಿ ಹಿಡಿದು ಕೂಸಿನ ನಾಲಗೆಗೆ ಒರೆಸಿದರೆ ಸಂಜೆಯ ತನಕ ಅದರ ಸದ್ದಿಲ್ಲ. ನಾನು ಸುತ್ತ ನೋಡಿದೆ. ಉಳಿದ ಹೆಂಗಸರು ಕೈಯಲ್ಲಿದ್ದ ಅರಳೆಯನ್ನೇ ನೋಡುತ್ತಿದ್ದರು. ಇನ್ನೂ ನಾಲ್ಕು ಕೂಸುಗಳು ನಾಲ್ಕು ಮೂಲೆಗಳಲ್ಲಿ ಹಾಗೆಯೇ ಮಲಗಿದ್ದವು. ಮೂರು ಸುಗ್ಗಿ ನಾನು ಆ ಕಟ್ಟಡದಲ್ಲಿ ದುಡಿದಿದ್ದೆ. ಇಷ್ಟು ಕೂಸುಗಳಿರುವ ಕಡೆ ಒಂದೂ ಯಾಕೆ ಅಳುವುದಿಲ್ಲ ಎಂಬ ಮಾತು ನನ್ನ ತಲೆಗೆ ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು. ನಾಚಿಕೆಯಾದಾಗ ನನಗೆ ಸಿಟ್ಟು ಬರುತ್ತದೆ.

"ಕೂಸಿಗೆ ಇಸ ಹಾಕ್ತಾರೇನ?" ಎಂದು ಅವಳ ಮೇಲೇ ರೇಗಿದೆ.

"ಮತ್ತೇನ ಮಾಡ್ಲಿರಿ?" ಎಂದಳು. ದನಿ ಏರಲಿಲ್ಲ. "ಅತ್ತಿ ಹೊಲಕ್ಕ ಹೋಗತಾಳ. ಮನ್ಯಾಗ ಹಿಡಿಯಾಕ ಯಾರಿಲ್ಲ. ಇಲ್ಲೆ ಅತ್ತರ ಮುಕಾದಮ ಹೊರಗ ಹಾಕತಾನ. ನೀವ ಹೇಳ್ರಿ."

ನಾನು ಕೂಸನ್ನು ಎತ್ತಿಕೊಂಡು ಬಾಗಿಲ ಗಾಳಿಗೆ ನಡೆದೆ.

ಸವಣೂರಿನಿಂದ ಡಾಕ್ಟರರನ್ನು ಕರೆಸಿದೆವು. ಪಂಡಿತರ ಮನೆತನದವರು, ಸೈಕಲ್ಲಿನ ಮೇಲೆ ಬಂದರು. ಕೂಸಿನ ರೆಪ್ಪೆ ಬಿಡಿಸಿ ನೋಡಿದರು. ಕಣ್ಣ ಪಾಪೆ ಸೂಜಿಯ ಮೊನೆಯಷ್ಟಾಗಿತ್ತು. ತೋಳು ಮುಟ್ಟಿ ನೋಡಿ, ಹೊಟ್ಟೆ ಮುಟ್ಟಿ ನೋಡಿ ದುಂಡಸಿಯಾಕೆಯನ್ನು ಎದುರಿಗೆ ಕೂರಿಸಿಕೊಂಡರು.

"ನೋಡವಾ, ಈ ಕೂಸು ಬರೇ ಮಲಗತದ, ಹಾಲು ಕುಡಿಯೂದಿಲ್ಲ. ಹಿಂಗ ಮಲಕೋತನ ಒಂದಿನಾ ಹೋಗಿಬಿಡ್ತದ. ಗುಳಿಗಿ ಬಿಡಸಬೇಕು. ಒಮ್ಮೆಲೇ ಬ್ಯಾಡ. ದಿನಾ ಒಂದೀಟು ಸಣ್ಣದು ಮಾಡ್ಕೋತ ಬಾ. ಅಳ್ತದ, ಭಾಳ ಅಳ್ತದ. ಹೆದರಿ ಮತ್ತ ಕೊಡಬ್ಯಾಡ. ಹೊಟ್ಟಿ ತುಂಬ ಹಾಲು ಸಿಗಬೇಕು, ಮಲಗಲಿಕ್ಕೆ ಗಾಳಿ ಇದ್ದ ಜಾಗಾ ಸಿಗಬೇಕು. ಅಷ್ಟು ಮಾಡಿದರ ಉಳೀತದ."

ಅವಳು ನನ್ನ ಕಡೆ ನೋಡಿದಳು. ಹಾಲು ಅವಳದು. ಜಾಗ ಯಾರದು?

ಜಾಗ ಸಾವಕಾರರದು. ಹಣೆ ತುಂಬ ವಿಭೂತಿ, ತಲೆಗೆ ಬಿಳಿಯ ರುಮಾಲು, ಮಾತು ಕಡಿಮೆ. ಅವರ ಅಜ್ಜನ ಕಾಲದಿಂದ ಹತ್ತಿಯ ವ್ಯಾಪಾರ. ಗಾದಿಯ ಮೇಲೆ ಕುಳಿತು ಎಲ್ಲ ಕೇಳಿದರು. ಬಹಳ ಹೊತ್ತು ಬಾಗಿಲ ಹೊರಗೆ ನೋಡಿದರು.

"ಕೂಸಗೋಳ್ನ ಜಿನ್ನಿಗೆ ತರಬ್ಯಾಡ್ರಿ ಅಂತ ಹೇಳಿಬಿಡೂಣೇನು?"

"ಹೇಳಿದ್ರ ಮನ್ಯಾಗ ಗುಳಿಗಿ ಕೊಟ್ಟ ಬರತಾರ್ರಿ. ಅಲ್ಲೆ ಡಾಕ್ಟರೂ ಇರೂದಿಲ್ಲ, ನೀವೂ ಇರೂದಿಲ್ಲ."

ಅವರು ರುಮಾಲು ಸರಿಮಾಡಿಕೊಂಡರು. ಆಮೇಲೆ, "ಗ್ವಾಡಿ ಆಚಿ ಕಡೆ ಕಾಳಿನ ಕ್ವಾಣಿ ಖಾಲಿ ಐತಿ. ಅದನ್ನ ಕೂಸಗೋಳಿಗೆ ಕೊಡು. ಆದರ ಮಿಸ್ತ್ರಿ, ಕೂಸ ತೂಗಾಕಂತ ಹೆಣ್ಣಮಕ್ಕಳು ಗಳಿಗಿಗೊಮ್ಮಿ ಎದ್ದ ಹೋದರ ಜಿನ್ನ ನಡಿಯೂದಿಲ್ಲ. ತೂಗಾವರ್ಯಾರು? ನೀನ ಏನು?" ಎಂದು ನಕ್ಕರು.

ಆ ನಗು ನನಗೆ ನಾಟಿತು. "ನನ್ನ ಎಂಜಿನ್ನ ತೂಗತೈತ್ರಿ" ಅಂದುಬಿಟ್ಟೆ.

ಅಂದ ಮೇಲೆ ಮಾಡಬೇಕಲ್ಲ. ಒಂದು ವಾರ ಕೆಲಸ ಬಿಟ್ಟ ಹೊತ್ತಿನಲ್ಲಿ ಅದರಲ್ಲೇ ಇದ್ದೆ. ಶಾಫ್ಟು ನಿಮಿಷಕ್ಕೆ ನೂರ ಎಂಬತ್ತು ಸುತ್ತು ತಿರುಗುತ್ತಿತ್ತು. ತೊಟ್ಟಿಲಿಗೆ ಮೂವತ್ತು ಸಾಕು. ಗೋಡೆಯ ಬುಡಕ್ಕೆ ತೂತು ಹೊಡೆದು ಶಾಫ್ಟಿನ ಕೊನೆಯನ್ನು ಆ ಕಡೆಗೆ ತಂದೆ, ಅದಕ್ಕೆ ಆರು ಇಂಚಿನ ಸಣ್ಣ ಗಾಲಿ. ಬಡಿಗನಿಂದ ಜಾಲಿಯ ಕಟ್ಟಿಗೆಯಲ್ಲಿ ಮೂರು ಫೂಟಿನ ದೊಡ್ಡ ಗಾಲಿ ಮಾಡಿಸಿದೆ. ಎರಡಕ್ಕೂ ಪಟ್ಟಾ ಹಾಕಿದರೆ ಸರಿಯಾಗಿ ಆರರಲ್ಲಿ ಒಂದು ಪಾಲು ವೇಗ. ದೊಡ್ಡ ಗಾಲಿಯ ಅಂಚಿನ ಗೂಟಕ್ಕೆ ಒಂದು ಉದ್ದ ಬಿದಿರಿನ ಗಳ ಕಟ್ಟಿದೆ. ಗಾಲಿ ತಿರುಗಿದಂತೆ ಗಳ ತೊಲೆಯ ಉದ್ದಕ್ಕೂ ಹಿಂದೆ ಮುಂದೆ ಹೋಗಬೇಕು, ಗಳದಿಂದ ಇಳಿದ ಎಂಟು ಹಗ್ಗಗಳು ಎಂಟು ತೊಟ್ಟಿಲು ತೂಗಬೇಕು. ಕೂಸುಗಳು ಇದ್ದದ್ದು ಐದೇ. ಮುಂದೆ ಹೆಚ್ಚಾದರೆ ಇರಲಿ ಎಂದು ಎಂಟು ಮಾಡಿದ್ದೆ. ಪಟ್ಟಾ ಓಡುವ ಕಡೆಗೆಲ್ಲ ಹಲಗೆ ಬಡಿದು ಮುಚ್ಚಿದೆ. ಕಿಟಕಿಗೆ ತೆಳು ಅರಿವೆ ಕಟ್ಟಿದೆ, ಹತ್ತಿಯ ಧೂಳು ಬರಬಾರದೆಂದು. ಮಾಡಿ ಮುಗಿಸಿ ನಿಂತಾಗ ನನಗೆ ನನ್ನ ಮೇಲೆಯೇ ಅಭಿಮಾನ ಉಕ್ಕಿ ಬಂತು.

ಮೊದಲ ದಿನವೇ ಅದು ಇಳಿಯಿತು. ಆವತ್ತಿಗೆ ಐದೇ ತೊಟ್ಟಿಲು, ತಾಯಂದಿರು ಅವನ್ನು ತಂತಮ್ಮ ಅನುಕೂಲಕ್ಕೆ ಒಂದೊಂದು ಎತ್ತರಕ್ಕೆ ಕಟ್ಟಿದ್ದರು. ಪಟ್ಟಾ ಏರಿಸಿದ್ದೇ ತಡ, ಒಂದು ತೊಟ್ಟಿಲು ಎಡಕ್ಕೆ ಹೋಗಬೇಕೆಂದಾಗ ಗಳ ಅದನ್ನು ಬಲಕ್ಕೆ ಎಳೆಯಿತು. ಇನ್ನೊಂದು ನಡುವೆಯೇ ನಿಂತು ಗಡಗಡ ನಡುಗಿತು. ಮೊದಲನೆಯ ತೊಟ್ಟಿಲಿನ ಕೂಸು ಕುಡಿದ ಹಾಲನ್ನೆಲ್ಲ ಕಕ್ಕಿತು. ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಅರಳೆಯ ರಾಶಿಗೆ ವಾಪಸು ಹೋದರು.

ಬಾಗಿಲಲ್ಲಿ ಕೊಡ ಇಳಿಸಿಕೊಂಡು ನಿಂತಿದ್ದ ಮುದುಕಿ ನಕ್ಕಳು. ಹಿರೇಕೆರೂರು ಕಡೆಯ ಹಂಸಭಾವಿಯವಳು, ಜಿನ್ನಿನಲ್ಲಿ ಎಲ್ಲರಿಗೂ ನೀರು ಕೊಡುವವಳು. ಎಲ್ಲರಿಗೂ ಅವಳು ಆಯಿ.

"ಯಪ್ಪಾ, ನೀ ತೂಗಾಕತ್ತೀಯೋ, ಜಗ್ಗಾಕತ್ತೀಯೋ?"

"ನಿನಗೇನ ತಿಳೀತೈತಿ ಬಿಡಬೇ, ಇದು ಮಶೀನಿನ ಕೆಲಸ."

"ತೊಟ್ಟಿಲ ನನಗ ತಿಳೀತೈತಿ. ಹನ್ನೊಂದ ತೂಗೇನಿ. ಆಚಿ ಸರಿ."

ತನ್ನ ಕೊಡವನ್ನು ಒಂದು ತೊಟ್ಟಿಲಲ್ಲಿ ಕೂರಿಸಿ, ಗಳದ ಹಗ್ಗ ಬಿಚ್ಚಿ, ಒಂದೇ ಬೆರಳಿನಿಂದ ತೂಗಿ ತೋರಿಸಿದಳು. ದೂಡಲಿಲ್ಲ, ಎಳೆಯಲೂ ಇಲ್ಲ. ಅದು ಹೋಗಿ ತಾನಾಗಿ ಹೊರಳುವ ಗಳಿಗೆಗೆ ಬೆರಳು ಸೋಂಕಿಸುತ್ತಿದ್ದಳು, ಅಷ್ಟೇ.

"ಅದು ಬರೂವಾಗ ಬಾ ಅನ್ನಬೇಕು, ಹೋಗೂವಾಗ ಹೋಗು ಅನ್ನಬೇಕು. ಅದರ ಮನಸಿನಂಗ ಅದು ತೂಗಿಕೊಳ್ಳತೈತಿ. ನೀ ಬರೇ ಜೊತೀಗೆ ಇರಬೇಕೋ ತಮ್ಮಾ."

ನಾನು ಗಡಿಯಾರ ತೆಗೆದು ಎಣಿಸಿದೆ. ಗಿಡ್ಡ ಹಗ್ಗದ ತೊಟ್ಟಿಲು ಬೇಗ ಬೇಗ, ಉದ್ದ ಹಗ್ಗದ್ದು ನಿಧಾನ. ಒಂದೊಂದಕ್ಕೂ ತನ್ನದೇ ನಡಿಗೆ. ನಾನು ಎಲ್ಲಕ್ಕೂ ಒಂದೇ ನಡಿಗೆ ಹೇರಿದ್ದೆ. ಹಗ್ಗ ಉದ್ದ ಮಾಡುತ್ತ, ಎಣಿಸುತ್ತ, ಮತ್ತೆ ಉದ್ದ ಮಾಡುತ್ತ ಕೊನೆಗೆ ಎರಡು ಮೊಳದ ಮೇಲೆ ನಾಲ್ಕು ಬೆರಳಿಗೆ ತೊಟ್ಟಿಲು ತಾನಾಗಿಯೇ ನಿಮಿಷಕ್ಕೆ ಮೂವತ್ತು ಸಲ ತೂಗಿತು. ಎಂಟನ್ನೂ ಅದೇ ಅಳತೆಗೆ ಕಟ್ಟಿದೆ. ಗಳಕ್ಕೂ ತೊಟ್ಟಿಲಿಗೂ ನಡುವೆ ಹಗ್ಗದ ಬದಲು ಸೈಕಲ್ಲಿನ ಹಳೆಯ ಟ್ಯೂಬಿನ ಪಟ್ಟಿ ಹಾಕಿದೆ. ಅದು ಆಯಿಯ ಬೆರಳು. ಮರುದಿನ ಸಂಜೆ ಪಟ್ಟಾ ಏರಿಸಿದಾಗ ಎಂಟು ತೊಟ್ಟಿಲುಗಳೂ ಕೂಡಿಯೇ ಹೊರಟು ಕೂಡಿಯೇ ಬಂದವು. ಆಯಿ ಆಗಲೇ ಮನೆಗೆ ಹೋಗಿದ್ದಳು. ನನಗೆ ಅಲ್ಲಿಂದ ಏಳಲು ಮನಸ್ಸಾಗಲಿಲ್ಲ. ಕತ್ತಲಾಗುವ ತನಕ ನೋಡುತ್ತ ಕುಳಿತೆ.

ತಪ್ಪು ಮಾಡಿದ್ದು ಅದರ ಮರುದಿನ. ಹೆಂಗಸರು ಬರುವ ಮೊದಲೇ ತೋರಿಸಿ ಖುಷಿಪಡಿಸೋಣವೆಂದು ಬೆಳಗ್ಗೆಯೇ ತೊಟ್ಟಿಲುಗಳನ್ನು ಓಡಿಸಿಟ್ಟೆ. ಅವರು ಬಾಗಿಲಿಗೆ ಬಂದರು, ಎಂಟು ಖಾಲಿ ತೊಟ್ಟಿಲುಗಳು ತೂಗುವುದನ್ನು ನೋಡಿದರು, ಮೊದಲು ಬಂದವಳು ‘ಯವ್ವಾ’ ಎಂದು ಸೆರಗು ಬಾಯಿಗೆ ತುರುಕಿಕೊಂಡು ಹಿಂದೆ ಸರಿದಳು.

ಖಾಲಿ ತೊಟ್ಟಿಲು ತೂಗಬಾರದು. ಹಾಗೆ ತೂಗಿದರೆ ಕೂಸಿಗೆ ಕೇಡು. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ನಮ್ಮವ್ವ ಚಿಕ್ಕಂದಿನಲ್ಲಿ ಅದಕ್ಕಾಗಿ ನನ್ನ ಬೆನ್ನಿಗೆ ಗುದ್ದಿದ್ದು ಕೂಡ ನೆನಪಿದೆ. ಆದರೆ ಗಾಲಿ, ಪಟ್ಟಾ, ಎಣಿಕೆಯ ಗುಂಗಿನಲ್ಲಿ ಅವು ತೊಟ್ಟಿಲುಗಳು ಎಂಬುದನ್ನೇ ನಾನು ಮರೆತಿದ್ದೆ.

"ಮೂರಂತೂ ಯಾವಾಗ್ಲೂ ಖಾಲಿನ ತೂಗತಾವು" ಎಂದಳು ಒಬ್ಬಳು. "ಕೂಸಿನ್ನ ಹಾಲಿಗೆ ಎತ್ತಿಕೊಂಡರ ನಾಕು ಆಗತಾವು. ನಮಗ ಬ್ಯಾಡ್ರಿ ಇದು."

ನಾನು ಕೂಗಾಡಿದೆ. ಹಗ್ಗ ಬಿಚ್ಚಲು ಕೊಂಡಿ ಮಾಡಿಕೊಡುತ್ತೇನೆ ಎಂದೆ. ಕೊಂಡಿ ಬಿಚ್ಚಿದರೂ ತೊಟ್ಟಿಲು ಬಹಳ ಹೊತ್ತು ತಾನೇ ತೂಗುತ್ತಿತ್ತು, ಅದನ್ನೂ ತೋರಿಸಿಕೊಟ್ಟರು. ‘ಅಫೀಮು ತಿನ್ನಿಸಿದರೆ ಕೇಡಿಲ್ಲ, ತೊಟ್ಟಿಲು ತೂಗಿದರೆ ಕೇಡು!’ ಎಂದು ಬಾಯಿಗೆ ಬಂದದ್ದನ್ನು ಅಂದೆ. ದುಂಡಸಿಯಾಕೆಯ ಕಣ್ಣಲ್ಲಿ ನೀರು ಬಂತು. ಅಂದದ್ದನ್ನು ವಾಪಸು ತೆಗೆದುಕೊಳ್ಳಲು ಆಗಲಿಲ್ಲ.

ಮತ್ತೆ ಆಯಿಯೇ ಬಂದಳು. ಸೆರಗಿನಲ್ಲಿ ಭಾರದ್ದೇನೋ ಇತ್ತು. ಖಾರ ಅರೆಯುವ ಗುಂಡಕಲ್ಲು. ಅದಕ್ಕೊಂದು ಹಳೆಯ ಕುಲಾವಿ ತೊಡಿಸಿ ತಂದಿದ್ದಳು.

"ಹೆಸರಿಡೂವಾಗ ಕೂಸಿಗಿಂತ ಮೊದಲ ತೊಟ್ಟಿಲಕ್ಕ ಯಾರನ್ನ ಹಾಕತೇವಿ ಹೇಳ್ರೇ? ಗುಂಡಪ್ಪನ್ನ. ಇಂವಾ ಮಲಗಿದ ಮ್ಯಾಲೆ ತೊಟ್ಟಿಲ ಖಾಲಿ ಹ್ಯಾಂಗ ಆದೀತು?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅದು ಯಾರೂ ಅಲ್ಲಗಳೆಯಲಾಗದ ಮಾತು. ಮೂರು ದಿನದೊಳಗೆ ಎಂಟು ಗುಂಡಕಲ್ಲುಗಳು ಬಂದವು, ಒಂದೊಂದಕ್ಕೆ ಒಂದೊಂದು ಬಣ್ಣದ ಕುಲಾವಿ. ಖಾಲಿಯಿದ್ದ ತೊಟ್ಟಿಲುಗಳಲ್ಲಿ ಮೂವರು ಗುಂಡಪ್ಪರು. ಕೂಸನ್ನು ಹಾಲಿಗೆ ಎತ್ತಿಕೊಂಡ ತಾಯಿ ಅದರ ಜಾಗಕ್ಕೆ ಕಲ್ಲು ಇಟ್ಟು ಹೋಗುವುದು. ನಾನು ಒಳಗೊಳಗೇ ನಗುತ್ತಿದ್ದೆ. ಆದರೆ ಒಂದು ಮಾತು ಒಪ್ಪಬೇಕು. ಖಾಲಿ ತೊಟ್ಟಿಲುಗಳು ಹಗುರಾಗಿ ಅಡ್ಡಾದಿಡ್ಡಿ ಓಲಾಡಿ ಗಳವನ್ನು ನಡುಗಿಸುತ್ತಿದ್ದವು. ಕಲ್ಲು ಬಿದ್ದ ಮೇಲೆ ಆ ನಡುಕ ನಿಂತುಹೋಯಿತು.

ಹಾಲಿನದು ಇನ್ನೊಂದು ತೊಡಕು. ಮಧ್ಯಾಹ್ನದ ಊಟದ ಹೊತ್ತೊಂದೇ ಸಾಕಾಗುತ್ತಿರಲಿಲ್ಲ. ನಾನು ಸಾವಕಾರರ ಹತ್ತಿರ ಹೋಗಿ, ಎಂಜಿನ್ನು ಕಾಯುತ್ತಿದೆ, ಬೆಳಗ್ಗೆ ಒಮ್ಮೆ, ಇಳಿಹೊತ್ತಿಗೆ ಒಮ್ಮೆ ಕಾಲು ತಾಸು ನಿಲ್ಲಿಸಿ ಆರಿಸಬೇಕಾಗುತ್ತದೆ ಎಂದೆ. ಮುಖ ಬಿಗಿ ಹಿಡಿದೇ ಹೇಳಿದೆ.

ಸಾವಕಾರರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮೂರ ವರ್ಷ ಆತು, ಒಂದ ದಿನಾನೂ ಕಾದಿರಲಿಲ್ಲ."

"ಈಗ ವಯಸ್ಸಾತ್ರಿ ಅದಕ್ಕ."

"ಹಸಿವಿನೂ ಆಗತೈತೇನು ನಿನ್ನ ಎಂಜಿನ್ನಿಗೆ?"

"ಹೌದ್ರಿ. ಹೊತ್ತಿಗೆ ಸರಿಯಾಗಿ."

"ನಿಂದರಸು" ಎಂದು ಮುಖ ಆ ಕಡೆ ತಿರುಗಿಸಿದರು. ನಕ್ಕದ್ದು ನನಗೆ ಕಾಣಬಾರದೆಂದು ಇರಬೇಕು.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಅವು ನಿಜವಾಗಿ ನಡೆದವೋ ಇಲ್ಲವೋ ಅನ್ನಿಸುತ್ತದೆ. ಮಧ್ಯಾಹ್ನ ಗೋಡೆಯಾಚೆಯ ಆ ಕೋಣೆಯಲ್ಲಿ ಕಾಲಿಟ್ಟರೆ ತಂಪು. ಕಿಟಕಿಯ ಅರಿವೆಯಿಂದ ಸೋಸಿ ಬಂದ ಬೆಳಕು. ಎಂಟು ತೊಟ್ಟಿಲುಗಳು ಒಂದೇ ಉಸಿರಿನಲ್ಲಿ ಹೋಗುತ್ತಿದ್ದವು, ಬರುತ್ತಿದ್ದವು. ಕೂಸುಗಳ ಪಕ್ಕದ ತೊಟ್ಟಿಲುಗಳಲ್ಲಿ ಕೆಂಪು, ಹಸಿರು ಕುಲಾವಿ ತೊಟ್ಟ ಕಲ್ಲುಗಳೂ ನಿದ್ದೆ ಹೋದಂತೆ ಕಾಣುತ್ತಿದ್ದವು. ನೀರು ಕೊಟ್ಟು ಬಿಡುವಾದಾಗ ಆಯಿ ಹೊಸ್ತಿಲ ಮೇಲೆ ಕುಳಿತು ಎಂಜಿನ್ನಿನ ಡುಗ್ ಡುಗ್ಗಿಗೆ ಸರಿಯಾಗಿ ಜೋಗುಳ ಗುನುಗುತ್ತಿದ್ದಳು. ಸಾವಕಾರರು ಎರಡು ಸಲ ಬಾಗಿಲ ತನಕ ಬಂದು, ಚಪ್ಪಲಿ ಬಿಟ್ಟು ಒಳಗೆ ಬರದೆ ಹಾಗೇ ನಿಂತು ಹೋದದ್ದನ್ನು ನೋಡಿದ್ದೇನೆ.

ನಾಲ್ಕು ಕೂಸುಗಳು ಬೇಗ ಗುಳಿಗೆ ಬಿಟ್ಟವು. ಮೂರನೆಯ ತೊಟ್ಟಿಲಿನ ಕೂಸಿನದೇ ಕಷ್ಟ. ದುಂಡಸಿಯಾಕೆಯ ಆ ಹೆಣ್ಣುಮಗು ಎಲ್ಲಕ್ಕಿಂತ ಸಣ್ಣದು, ಎಲ್ಲಕ್ಕಿಂತ ಹೆಚ್ಚು ದಿನ ಗುಳಿಗೆ ತಿಂದದ್ದು. ಅದಕ್ಕೆ ಇನ್ನೂ ಹೆಸರೇ ಇಟ್ಟಿರಲಿಲ್ಲ. ತಾಯಿ ಡಾಕ್ಟರರು ಹೇಳಿದಂತೆ ಸಾಸಿವೆಯಷ್ಟಿದ್ದದ್ದನ್ನು ಅರ್ಧ ಮಾಡಿದಳು, ಅರ್ಧವನ್ನು ಎಳ್ಳಿನ ತುದಿಯಷ್ಟು ಮಾಡಿದಳು, ಆಮೇಲೆ ಬರೀ ಉಗುರು ನೆಕ್ಕಿಸಿದಳು. ಒಂದು ದಿನ ಅದೂ ನಿಂತಿತು.

ಆಗ ಅಳು ಶುರುವಾಯಿತು. ಸಣ್ಣ ದನಿಯ, ಮುಗಿಯದ ಕುಂಯ್ ಕುಂಯ್. ಮೂರು ದಿನ ಅದು ನಿದ್ದೆ ಮಾಡಲಿಲ್ಲ. ಮೈ ನಡುಗುತ್ತಿತ್ತು, ಮೂಗು ಸೋರುತ್ತಿತ್ತು, ಮೊಲೆ ಕಚ್ಚಿ ಬಿಡುತ್ತಿತ್ತು. ನನ್ನ ತೊಟ್ಟಿಲು ಎಷ್ಟು ತೂಗಿದರೂ ಉಪಯೋಗವಾಗಲಿಲ್ಲ. ಮುಕಾದಮ ಕೆಟ್ಟವನೇನಲ್ಲ, ಅವನು ಕೂಡ "ಒಂಚೂರ ಕೊಟ್ಟಬಿಡವಾ, ನೋಡಾಕ ಆಗವಲ್ದು" ಎಂದ. ಡಾಕ್ಟರರು ಬಂದು ನಾಡಿ ನೋಡಿದರು. "ಇನ್ನೊಂದೆರಡು ದಿನ. ಈಗ ಕೊಟ್ಟರ ಮೊದಲಿನಂಗನ ಆಗ್ತದ" ಎಂದರು. ಅವರ ಮುಖದಲ್ಲಿ ಮೊದಲಿನ ಧೈರ್ಯ ಇರಲಿಲ್ಲ.

ಮೂರನೆಯ ಸಂಜೆ ಅವಳು ಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನನ್ನ ಎಂಜಿನ್ ಕೋಣೆಯ ಬಾಗಿಲಿಗೆ ಬಂದಳು.

"ಅಣ್ಣಾರ, ಇದು ಉಳೀತೈತೇನ್ರಿ?"

 ಕಬ್ಬಿಣದ ವಿಷಯ ಕೇಳಿದ್ದರೆ ಹೇಳುತ್ತಿದ್ದೆ. "ನಾಳಿ ಬಾರವ್ವಾ" ಎಂದೆ. "ತೊಟ್ಟಿಲ ಇರತೈತಿ. ನಾಳಿ ಬಾ."

ಮರುದಿನ ಬೆಳಗ್ಗೆ ಅವಳು ಬರಲಿಲ್ಲ.

ನಮ್ಮಲ್ಲಿ ಆಗ ಒಂದು ರೂಢಿಯೇ ಆಗಿತ್ತು. ಎಣ್ಣೆಯಿಂದ ಓಡುವ ಆ ಎಂಜಿನ್ನಿನ ತಲೆಯನ್ನು ದೀಪದ ಉರಿಯಿಂದ ಕಾಯಿಸಿಟ್ಟು, ಚಾಲೂ ಮಾಡುವ ಮೊದಲು ನಾನು ಕೂಸಿನ ಕೋಣೆಗೆ ಬಂದು ಒಂದು ಸಲ ನೋಡುವುದು. ಐದು ಕೂಸು, ಮೂರು ಕಲ್ಲು, ಯಾವುದೂ ಖಾಲಿಯಿಲ್ಲ. ಆಮೇಲೆ ಎಂಜಿನ್. ಆವತ್ತು ನಾಲ್ಕು ಕೂಸು, ಮೂರು ಕಲ್ಲು. ಮೂರನೆಯ ತೊಟ್ಟಿಲು ಖಾಲಿ. ಹೆಂಗಸರು ಬಾಗಿಲಲ್ಲಿ ಗುಂಪಾಗಿ ನಿಂತಿದ್ದರು. ಹೊತ್ತು ಏರಿತು.

ಮುಕಾದಮ ಒಂದು ಗುಂಡಕಲ್ಲು ಹಿಡಿದು ಬಂದ. ಕೂಸನ್ನು ಹಾಲಿಗೆ ಎತ್ತಿಕೊಂಡಾಗ ಮೂರನೆಯ ತೊಟ್ಟಿಲಿಗೆ ಇಡುತ್ತಿದ್ದ ಕಲ್ಲೇ, ಹಳದಿ ಕುಲಾವಿಯದು.

"ಮಿಸ್ತ್ರಿ, ಇದನ್ನ ಇಟ್ಟ ಚಾಲೂ ಮಾಡಪಾ. ರಸ್ತಾದಾಗ ಚಕ್ಕಡಿ ನಿಂತಾವು."

ನಾನು ಕೈ ನೀಡಿದೆ. ಹಿಡಿಯಲಾಗಲಿಲ್ಲ. ಬೇರೆ ದಿನಗಳಲ್ಲಿ ಕಲ್ಲು ಇಟ್ಟರೆ ‘ಕೂಸು ಈಗ ಬರುತ್ತದೆ’ ಎಂದು ಅರ್ಥ. ಈಗ ಇಟ್ಟರೆ ಆ ಜಾಗ ಕಲ್ಲಿಗೆ ಬಿಟ್ಟುಕೊಟ್ಟಂತೆ. ಇಂಥದ್ದನ್ನೆಲ್ಲ ನಂಬುವವನಲ್ಲ ನಾನು. ಆದರೂ ಇಡಲು ಆಗಲಿಲ್ಲ.

"ಇಡೂದಿಲ್ಲ" ಎಂದೆ.

"ಹಂಗಾರ ತೊಟ್ಟಿಲ ಪಟ್ಟಾ ಬಿಚ್ಚು."

"ಬಿಚ್ಚೂದೂ ಇಲ್ಲ."

"ಹುಚ್ಚ ಹಿಡದೈತೇನ ನಿನಗ? ಸಾವ್ಕಾರ್ರಿಗೆ ಏನ ಹೇಳ್ಲಿ?"

ಹೇಳುವ ಕೆಲಸ ಬೀಳಲಿಲ್ಲ. ಸಾವಕಾರರೇ ಬಂದರು. ಜಿನ್ನು ಮೌನವಾಗಿದ್ದುದನ್ನು ಕೇಳಿಯೇ ಬಂದಿದ್ದರು.

"ಏನಾತೋ ಮಿಸ್ತ್ರಿ ಎಂಜಿನ್ನಿಗೆ?"

"ಎಂಜಿನ್ ಚಲೋ ಐತ್ರಿ. ಮೂರನೇ ತೊಟ್ಟಿಲ ಖಾಲಿ ಐತ್ರಿ."

ಅವರು ತೊಟ್ಟಿಲು ನೋಡಿದರು, ಹೆಂಗಸರನ್ನು ನೋಡಿದರು, ಮುಕಾದಮನ ಕೈಯಲ್ಲಿದ್ದ ಕಲ್ಲನ್ನು ನೋಡಿದರು. ಕಲ್ಲು ಇಸಿದುಕೊಂಡರು. ಇನ್ನೇನು ತೊಟ್ಟಿಲಿಗೆ ಇಟ್ಟೇಬಿಡುತ್ತಾರೆ ಅಂದುಕೊಂಡೆ. ನನ್ನ ಕೆಲಸವೂ ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಅವರು ಚಪ್ಪಲಿ ಬಿಟ್ಟು, ಆಯಿ ಕೂರುವ ಹೊಸ್ತಿಲ ಮೇಲೆ ಕುಳಿತರು. ಕಲ್ಲನ್ನು ಮಡಿಲಲ್ಲಿ ಇಟ್ಟುಕೊಂಡರು.

"ಮುಕಾದಮಾ, ನೀ ಕ್ವಾಟಿ ಕಡೆ ಆಕಿ ಅತ್ತಿ ಮನಿಗೆ ಹೋಗಿ ನೋಡಿ ಬಾ. ಬರೂ ತನಕ ಎಲ್ಲಾರೂ ಕುಂದ್ರೂಣು."

ಎಲ್ಲರೂ ಕುಳಿತರು. ಯಂತ್ರಗಳು ನಿಂತಿದ್ದವು, ಹತ್ತಿಯ ನವಿರು ಮೊದಲ ಸಲ ಪೂರ್ತಿ ನೆಲಕ್ಕಿಳಿದಿತ್ತು. ಹೊರಗೆ ಎತ್ತುಗಳ ಕೊರಳ ಗೆಜ್ಜೆ. ಅದರಾಚೆ, ಕೋಟೆಯ ಕಡೆಯಿಂದ ನವಿಲು ಕೂಗಿದ್ದು ಕೇಳಿಸಿತು. ಮತ್ತೊಂದು. ಇಷ್ಟು ವರ್ಷ ಆ ಕೂಗು ಅಲ್ಲೇ ಇದ್ದರೂ ಎಂಜಿನ್ನಿನ ಸದ್ದಿನಲ್ಲಿ ನನಗೆ ಕೇಳಿಸಿರಲಿಲ್ಲ. ಎಷ್ಟು ಹೊತ್ತು ಕುಳಿತೆವೋ ತಿಳಿಯದು. ಆಯಿ ಕಣ್ಣು ಮುಚ್ಚಿದ್ದಳು. ಸಾವಕಾರರ ಹೆಬ್ಬೆರಳು ಆ ಹಳದಿ ಕುಲಾವಿಯನ್ನು ಸವರುತ್ತಲೇ ಇತ್ತು.

ದಾರಿಯಲ್ಲಿ ಧೂಳು ಕಂಡಿತು. ಮುಂದೆ ಮುಕಾದಮ, ಹಿಂದೆ ದುಂಡಸಿಯಾಕಿ. ಅವಳು ಹೆಗಲ ಮೇಲಿನ ಗಂಟನ್ನು ಎರಡೂ ಕೈಯಿಂದ ಒತ್ತಿ ಹಿಡಿದು, ಓಡುವುದಕ್ಕೂ ಹೆದರಿದವಳಂತೆ ಬಿರಬಿರನೆ ನಡೆದು ಬರುತ್ತಿದ್ದಳು. ಹೆಂಗಸರೆಲ್ಲ ಎದ್ದು ನಿಂತರು. ಗಂಟು ಅಲುಗುತ್ತಿರಲಿಲ್ಲ. 

ಹತ್ತಿರ ಬಂದವಳೇ ಪಿಸುದನಿಯಲ್ಲಿ, "ಬೈಯಬ್ಯಾಡ್ರಿ ಯಪ್ಪಾ, ತಡಾ ಆತು" ಎಂದಳು. "ಬೆಳಗಿನ ಜಾವದಾಗ ಹೊಟ್ಟಿ ತುಂಬ ಕುಡದ ತಾನ ಮಲಗಿದ್ಳರಿ. ಗುಳಿಗಿ ಕೊಟ್ಟಿಲ್ರಿ, ಆಣಿ ಮಾಡಿ ಹೇಳತೇನಿ. ತಾನ ಮಲಗಿದ್ಳು. ಎಬ್ಬಿಸಾಕ ಮನಸಾಗ್ಲಿಲ್ಲ."

ಆಯಿ ಬಟ್ಟೆ ಸರಿಸಿ ನೋಡಿದಳು. ಬಾಯಂಚಿನಲ್ಲಿ ಹಾಲು ಒಣಗಿತ್ತು. ಮೂಗಿನ ಹೊಳ್ಳೆ ಅರಳಿ ಮುಚ್ಚುತ್ತಿತ್ತು, ಒಂದರ ಹಿಂದೆ ಒಂದು, ತಪ್ಪದೆ. ಹಗುರಾಗಿ ಎತ್ತಿ ಮೂರನೆಯ ತೊಟ್ಟಿಲಲ್ಲಿ ಮಲಗಿಸಿದರು.  ಸಾವಕಾರರು ಗುಂಡಕಲ್ಲನ್ನು ಸದ್ದಾಗದಂತೆ ಗೋಡೆಯ ಗೂಡಿನಲ್ಲಿ ಇಟ್ಟು, ಬೆರಳ ತುದಿಯ ಮೇಲೆ ನಡೆದು ನನ್ನ ಹತ್ತಿರ ಬಂದರು.

"ಮಿಸ್ತ್ರಿ, ಸಾವಕಾಶ ಚಾಲೂ ಮಾಡು. ಕೂಸು ಎದ್ದೀತು."

ಎಂಜಿನ್ ಸಾವಕಾಶ ಹೇಗೆ ಚಾಲೂ ಆಗುತ್ತದೆ? ಆದರೂ "ಹೂಂನ್ರಿ" ಎಂದು ಹೋದೆ. ದೀಪ ಏರಿಸಿದೆ, ಎಣ್ಣೆ ಬಿಟ್ಟೆ, ದೊಡ್ಡ ಚಕ್ರವನ್ನು ತೂಗಿ ತಿರುಗಿಸಿದೆ. ‘ಡುಗ್’ ಎಂದು ಒಂದೇ ಒಂದು ಏಟು.

ಗೋಡೆಯಾಚೆಯಿಂದ ಕೂಸು ಬೆಚ್ಚಿ ಎದ್ದು, ಎದೆ ಒಡೆಯುವ ಹಾಗೆ ಅತ್ತಿತು. ಮೂರು ದಿನದ ಆ ಕುಂಯ್ ಕುಂಯ್ ಅಲ್ಲ. ನಿದ್ದೆ ಕೆಡಿಸಿದವರ ಮೇಲೆ ಸಿಟ್ಟು ಬಂದ ಕೂಸಿನ ಅಳು. ಅಂಗಾಲು ಚಿವುಟಿದರೂ ಏಳದಿದ್ದ ಕೂಸು ಅದು. ಹೆಂಗಸರು ಒಮ್ಮೆಲೇ ನಗತೊಡಗಿದರು, ಯಾರೋ ಅತ್ತದ್ದೂ ಕೇಳಿಸಿತು, ಅದರೆಲ್ಲದರ ಮೇಲೆ ಆ ಕೂಸಿನ ದನಿ.

ನಾನು ಎಣ್ಣೆ ಬಂದ್ ಮಾಡಿ ಎಂಜಿನ್ ನಿಲ್ಲಿಸಿದೆ, ಅದನ್ನು ಸರಿಯಾಗಿ ಕೇಳೋಣವೆಂದು. ಯಾಕೆ ನಿಲ್ಲಿಸಿದೆ ಎಂದು ಸಾವಕಾರರು ಕೇಳಲಿಲ್ಲ.